ಮೇಷ್ಟ್ರ ಬಿದಿರಿಗೆ ನಾನು ಹಾಕಿದ ಮಜ್ಜಿಗೆ

ನಮ್ಮ ಪುಟ್ಟಿಗೆ ಕೆಲಸ ಸಿಕ್ಕಿತು! ಗಿಡ ಮರಗಳ ಕೆಲಸ, ಅದೂ ಸರ್ಕಾರದ್ದು. ಮೊನ್ನೆ ಶುಕ್ರವಾರ ಬೆಳಿಗ್ಗೆ ಮೊಬೈಲು ನೋಡಿ ಅವಳು ಕೂಗಿದ ಕೂಗಿಗೆ ನಾನು ಒಲೆಯ ಮೇಲಿನ ಹಾಲು ಮರೆತೆ. ಹಾಲು ಉಕ್ಕಿತು, ಉಕ್ಕಲಿ ಬಿಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮೊಮ್ಮಗಳು ಆಫೀಸರಮ್ಮ ಆಗುತ್ತಾಳೆ ಎಂದರೆ ಸಾಮಾನ್ಯವೇ? ಸಕ್ಕರೆ ಡಬ್ಬಿ ಹಿಡಿದು ನಮ್ಮ ಬೀದಿಯ ಮನೆಮನೆಗೂ ಹೋದೆ. ಒಂದು ಮನೆಗೆ ಎರಡು ಸಲ ಹೋದೆನಂತೆ. ಆ ಮನೆಯಾಕೆ ಎರಡು ಸಲವೂ ಬಾಯಿ ಸಿಹಿ ಮಾಡಿಕೊಂಡಳು, ಪುಣ್ಯಾತ್ಗಿತ್ತಿ.

ಮಧ್ಯಾಹ್ನ ಪುಟ್ಟಿ ಆಟೋದಲ್ಲಿ ಒಂದು ದೊಡ್ಡ ಕುಂಡ ತಂದಿಳಿಸಿದಳು. ಕುಂಡದಲ್ಲಿ ಬಿದಿರು. ಸಣ್ಣ ಮೆಳೆ, ನನ್ನ ಎದೆಮಟ್ಟ ಇತ್ತು. ಬುಡದಲ್ಲಿ ಒಣಗಿದ ಬಿದಿರೆಲೆಗಳನ್ನು ಹಾಸಿದ್ದರು. ಅದರ ಮೇಲೆ ನೀರು ಚಿಮುಕಿಸಿದಾಗ ಒಂದು ವಾಸನೆ ಎದ್ದಿತು... ಒದ್ದೆ ಹುಲ್ಲಿನ ಹಾಗೆ, ಹಳೇ ಚಾಪೆಯ ಹಾಗೆ.

"ಅಜ್ಜಿ, ಮೇಷ್ಟ್ರ ಜ್ಞಾಪಕಕ್ಕೆ ತಂದೆ," ಎಂದಳು.

ಅಷ್ಟು ಹೊತ್ತಿನ ಸಂತೋಷ ಅಲ್ಲಿಗೇ ನಿಂತುಬಿಟ್ಟಿತು.

ಹದಿನೈದು ವರ್ಷದ ಹಿಂದೆ ಚಾಮರಾಜಪೇಟೆಯ ಇದೇ ಮನೆಯ ಪಕ್ಕದಲ್ಲಿ ಒಬ್ಬರು ಮೇಷ್ಟ್ರು ಇದ್ದರು. ರಿಟೈರಾದವರು, ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮೈಸೂರಿಗೆ ಮದುವೆಯಾಗಿ ಹೋಗಿದ್ದಳು. ನಮ್ಮ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯ ಉದ್ದಕ್ಕೂ ಅವರು ಅರ್ಧ ಕತ್ತರಿಸಿದ ನಾಲ್ಕು ಡ್ರಮ್ಮುಗಳಲ್ಲಿ ಬಿದಿರು ಬೆಳೆಸಿದ್ದರು. ಡ್ರಮ್ಮಿನ ತಳಕ್ಕೆ ತೂತು, ಅದರ ಮೇಲೆ ಒಡೆದ ಹೆಂಚು, ಅದರ ಮೇಲೆ ಕೆಮ್ಮಣ್ಣು, ಗೊಬ್ಬರ. ಉದುರಿದ ಎಲೆಯನ್ನು ಗುಡಿಸಿ ಎಸೆಯುತ್ತಿರಲಿಲ್ಲ, ಬುಡಕ್ಕೇ ಹಾಕುತ್ತಿದ್ದರು. ವರ್ಷಕ್ಕೊಮ್ಮೆ ನಡುವಿನ ಮುದಿ ಗಳಗಳನ್ನು ಬುಡಕ್ಕೆ ಕೊಯ್ದು ಹೊಸ ಮೊಳಕೆಗೆ ಜಾಗ ಬಿಡುತ್ತಿದ್ದರು.

ಬಿದಿರಿನ ಬೇರು ನಮ್ಮ ಪಾಯ ಒಡೆಯುತ್ತದೆ ಎಂದು ಮೊದಲೇ ಜಗಳ ತೆಗೆದಿದ್ದೆ. ಅವರು ನಕ್ಕರು. "ಇದು ಓಡೋ ಜಾತಿ ಅಲ್ಲಮ್ಮ, ಗುಂಪಾಗಿ ಕೂರೋ ಜಾತಿ. ಬುಡ ಬಿಟ್ಟು ಕದಲಲ್ಲ. ಡ್ರಮ್ಮಲ್ಲಿಟ್ರೆ ಡ್ರಮ್ಮಲ್ಲೇ ಸಂಸಾರ."

ನನ್ನ ಕಷ್ಟ ಬೇರಿನದಲ್ಲ, ಬಿಸಿಲಿನದು. ನಾನು ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಮಾಡಿ ಗಾಂಧಿ ಬಜಾರಿನ ಅಂಗಡಿಗಳಿಗೆ ಕೊಡುತ್ತಿದ್ದೆ. ಶಿವರಾತ್ರಿ ಕಳೆದರೆ ಯುಗಾದಿ, ಯುಗಾದಿ ಕಳೆದರೆ ಮೊದಲ ಮಳೆ. ಅಷ್ಟರೊಳಗೆ ಒಣಗಿಸಿದ್ದೇ ನಮ್ಮ ವರ್ಷದ ದುಡಿಮೆ. ಬಿದಿರು ಎರಡಾಳೆತ್ತರ ಬೆಳೆದ ಮೇಲೆ ನಮ್ಮ ಅಂಗಳಕ್ಕೆ ಹನ್ನೊಂದು ಗಂಟೆಯವರೆಗೂ ನೆರಳು. ಮೇಲಿಂದ ಎಲೆ ಬೇರೆ ಉದುರಿ ಹಸಿ ಸಂಡಿಗೆಗೆ ಅಂಟಿಕೊಳ್ಳುತ್ತಿತ್ತು.

"ಮೇಷ್ಟ್ರೇ, ನಿಮ್ಮ ಬಿದಿರಿಗೆ ಒಂಚೂರು ಬುದ್ಧಿ ಹೇಳಿ. ನಮ್ಮನೆ ಬಿಸಿಲೆಲ್ಲಾ ಕುಡೀತಿದೆ," ಎಂದೆ ಒಂದು ದಿನ.

"ಮೂವತ್ತು ವರ್ಷ ಮಕ್ಕಳೇ ನನ್ನ ಮಾತು ಕೇಳ್ಲಿಲ್ಲ, ಇದು ಕೇಳುತ್ತಾ ತಾಯಿ?" ಎಂದರು. ಆದರೂ ಮಾರನೇ ದಿನವೇ ನಮ್ಮ ಕಡೆ ಬಾಗಿದ ಗಳಗಳನ್ನು ಹಗ್ಗ ಹಾಕಿ ತಮ್ಮ ಕಡೆಗೆ ಎಳೆದು ಕಟ್ಟಿದರು. ನನಗೆ ಅದು ಸಾಲಲಿಲ್ಲ. ಚಟ್ಟ ಕಟ್ಟುವ ಗಿಡವನ್ನು ಮನೆ ಮುಂದೆ ಯಾರಾದರೂ ಬೆಳೆಸುತ್ತಾರಾ ಎಂದು ಅವರಿಗೆ ಕೇಳುವ ಹಾಗೆಯೇ ಅಂದೆ. ಹೆಂಡತಿಯನ್ನು ಕಳೆದುಕೊಂಡವರ ಮುಂದೆ ಆಡುವ ಮಾತೇ ಅದು?

ಪುಟ್ಟಿಗೆ ಆಗ ಎಂಟು ವರ್ಷ. ಸ್ಕೂಲಿಂದ ಬಂದವಳೇ ಬ್ಯಾಗು ಎಸೆದು ಗೋಡೆ ಹಾರುತ್ತಿದ್ದಳು. ಮಣ್ಣಿನೊಳಗೆ ಬೆರಳಿಟ್ಟು ತೇವ ನೋಡುವುದು, ಒಣಗಿದ್ದರೆ ಮಾತ್ರ ನೀರು ಹಾಕುವುದು, ಎಲ್ಲವನ್ನೂ ಅವರೇ ಕಲಿಸಿದರು. ಬುಡದಲ್ಲಿ ಚೂಪಾದ ಮೊಳಕೆ ಎದ್ದರೆ ಇವಳು ಎಣಿಸಿ ವರದಿ ಒಪ್ಪಿಸಬೇಕು. ಎಳೇ ಪಿಂದೆಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದೆ ಎಂದು ನಾವು ಹೇಳುತ್ತೇವಲ್ಲ, ಅದನ್ನು ಇವಳಿಗೆ ಹೇಳಿಕೊಟ್ಟವಳು ನಾನು. ಪಾಪ, ಬೆರಳು ಮಡಚಿ ಮುಷ್ಟಿಯಲ್ಲೇ ಎಣಿಸುತ್ತಿದ್ದಳು. ಮೇಷ್ಟ್ರೂ ಅವಳ ಜೊತೆ ಮುಷ್ಟಿ ಹಿಡಿದೇ ಎಣಿಸುತ್ತಿದ್ದರು.

ಆ ಬೇಸಿಗೆ ನಾನು ಮಾಡಬಾರದ್ದು ಮಾಡಿದೆ.

ಮಜ್ಜಿಗೆ ಮೆಣಸಿನಕಾಯಿಗೆ ಹುಳಿ ಮಜ್ಜಿಗೆಯಲ್ಲಿ ಉಪ್ಪು ಕಲಸಿ ಕಾಯಿ ನೆನೆಹಾಕುತ್ತೇವೆ. ಮಿಕ್ಕ ಉಪ್ಪು ಮಜ್ಜಿಗೆಯನ್ನು ನಾನು ಬಚ್ಚಲ ಹಿಂದೆ ಚೆಲ್ಲುತ್ತಿದ್ದೆ. ಅಲ್ಲಿ ಒಂದು ಗರಿಕೆಯೂ ಹುಟ್ಟುತ್ತಿರಲಿಲ್ಲ. ಆದ್ದರಿಂದ ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಗೊತ್ತಿದ್ದೇ, ಇನ್ನೆರಡು ಹಿಡಿ ಉಪ್ಪು ಸೇರಿಸಿ, ಗೋಡೆಯ ಮೇಲಿಂದ ಬಗ್ಗಿ ಆ ಡ್ರಮ್ಮುಗಳಿಗೆ ಸುರಿಯಲು ಶುರುಮಾಡಿದೆ. ವಾರಕ್ಕೆ ಎರಡು ಸಲ, ಮೂರು ಸಲ...

ಒಂದು ದಿನ ಸುರಿಯುತ್ತಿರುವಾಗಲೇ ಮೇಷ್ಟ್ರು ಬಾಗಿಲಿಗೆ ಬಂದರು. ನನ್ನ ಕೈಯಲ್ಲಿ ಚೊಂಬು, ಡ್ರಮ್ಮಿನಲ್ಲಿ ಬೆಳ್ಳಗೆ ಮಜ್ಜಿಗೆ. ನನ್ನ ಜೀವ ಬಾಯಿಗೆ ಬಂತು. ಅವರು ಕೈ ಮುಗಿದರು!

"ಮಜ್ಜಿಗೆ ಹಾಕ್ತಿದೀರಾ ತಾಯಿ? ಗಿಡಕ್ಕೆ ಅಮೃತ ಅದು. ನನಗೇ ಹೊಳೆದಿರ್ಲಿಲ್ಲ ನೋಡಿ."

"ಮಿಕ್ಕಿತ್ತು ಮೇಷ್ಟ್ರೇ, ಚೆಲ್ಲೋದು ಯಾಕೆ ಅಂತ..." ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವತ್ತಿನಿಂದ ಹಾಲಿನ ಬೂತಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಕಂಡಕಂಡವರಿಗೆಲ್ಲ ಅವರು ಹೇಳಿದ್ದೇ ಹೇಳಿದ್ದು: ಪಕ್ಕದ ಮನೆ ತಾಯಿ ಜಗಳಗಂಟಿ ಅಂದ್ಕೊಂಡಿದ್ದೆ, ನನ್ನ ಬಿದಿರಿಗೆ ಮಜ್ಜಿಗೆ ಹಾಕ್ತಾರೆ ಕಣ್ರೀ! ಜನ ನನ್ನನ್ನು ನೋಡಿ ನಗುತ್ತಿದ್ದರು, ಒಳ್ಳೆಯ ನಗು. ನಾನೂ ನಗುತ್ತಿದ್ದೆ.

ಎಲೆಯ ತುದಿ ಮೊದಲು ಕಂದಿತು. ಆಮೇಲೆ ಇಡೀ ಎಲೆ ಸುಟ್ಟ ಹಾಗಾಯಿತು. ಮೇಷ್ಟ್ರು ನೀರು ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದರು, ಗೊಬ್ಬರ ಬದಲಾಯಿಸಿದರು, ತಮ್ಮನ್ನೇ ಬೈದುಕೊಂಡರು. ಮಳೆಗಾಲದಲ್ಲಿ ಏಳಬೇಕಾದ ಮೊಳಕೆ ಒಂದೂ ಏಳಲಿಲ್ಲ. ಹೆಂಡತಿ ಬದುಕಿದ್ದಾಗ ಇಬ್ಬರೂ ಸೇರಿ ನೆಟ್ಟಿದ್ದಂತೆ. ಅದು ನನಗೆ ಗೊತ್ತಾಗಿದ್ದು ನಾಲ್ಕೂ ಡ್ರಮ್ಮು ಸತ್ತ ಮೇಲೆ.

ಒಣಗಿದ ಗಳಗಳನ್ನು ಅವರು ಸುಡಲಿಲ್ಲ. ಸೀಳಿ, ಹೆಣೆದು, ಅದಕ್ಕೆ ಬಲೆ ಕಟ್ಟಿ ಒಂದು ತಟ್ಟಿ ಮಾಡಿ ಗೋಡೆಯ ಮೇಲಿಂದ ದಾಟಿಸಿದರು. "ಪಾರಿವಾಳ ಕಾಟ ಅಂತಿದ್ರಲ್ಲ, ಸಂಡಿಗೆ ಮೇಲೆ ಮುಚ್ಚಿ," ಎಂದರು. ಎರಡೂ ಕೈ ಚಾಚಿ ತೆಗೆದುಕೊಂಡೆ. ಎಷ್ಟೋ ಬೇಸಿಗೆ ಅದನ್ನು ಬಳಸಿದೆ.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಅದೇ ದಿನ ಪುಟ್ಟಿ ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಬಿಕ್ಕಿದಳು. "ಅಜ್ಜಿ, ಒಂದಿನ ನಾನು ಮರೆತು ಬೆರಳು ತೋರಿಸ್ಬಿಟ್ಟೆ. ಅದಕ್ಕೇ ಸತ್ತೋಯ್ತು. ಮೇಷ್ಟ್ರಿಗೆ ಹೇಳ್ಬೇಡ."

ಆ ಮಗುವಿಗೆ ನಾನು ಏನು ಹೇಳಿದೆ ಗೊತ್ತೇ? "ಇನ್ಮೇಲೆ ಹಾಗೆ ಮಾಡ್ಬೇಡ," ಎಂದೆ. ಅಷ್ಟೇ. ನನ್ನ ಪಾಪವನ್ನು ಎಂಟು ವರ್ಷದ ಕೂಸಿನ ಬೆರಳಿಗೆ ಕಟ್ಟಿ ಅಡುಗೆಮನೆಗೆ ಹೋದೆ.

ಮುಂದಿನ ವರ್ಷ ಮೇಷ್ಟ್ರು ಮಗಳ ಮನೆಗೆ ಹೊರಟುಹೋದರು. ಹೋಗುವಾಗ ಪುಟ್ಟಿಯ ತಲೆ ಸವರಿ, "ಇವಳನ್ನ ಗಿಡದ ಓದಿಗೇ ಹಾಕಿ," ಎಂದರು. ಹಾಗೇ ಆಯಿತು. ಅವರು ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ವರ್ಷಾಂತಿಕವೂ ಮುಗಿದಿತ್ತಂತೆ. ಅವರ ಮನೆ ಇದ್ದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ಒಂದು ಸಲ ಮೈಸೂರಿನ ಬಸ್ಸು ಹತ್ತಿದ್ದರೆ ಅವರ ಮುಂದೆ ನಿಂತು ಹೇಳಬಹುದಿತ್ತು. ಹತ್ತಲಿಲ್ಲ...

ಮೊನ್ನೆ ಸಂಜೆ ಮಗ, ಸೊಸೆ, ನಮ್ಮ ಮನೆಯವರು, ಪುಟ್ಟಿ, ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ಬಾಳೆಲೆ ಹಾಕಿದ್ದೆ, ಒಬ್ಬಟ್ಟು ಮಾಡಿದ್ದೆ. ನಮ್ಮ ಮನೆಯವರು ತಮಾಷೆಗೆ, "ಆಫೀಸರಮ್ಮ, ಈ ವಿದ್ಯೆ ಯಾರಿಂದ ಬಂತು?" ಎಂದರು. "ಪಕ್ಕದ ಮನೆ ಮೇಷ್ಟ್ರು, ಮತ್ತೆ ಅಜ್ಜಿಯ ಮಜ್ಜಿಗೆ," ಎಂದು ಪುಟ್ಟಿ ನಕ್ಕಳು.

ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆಯೇ ಹೇಳಿದೆ. ಉಪ್ಪು, ಚೊಂಬು, ಗೋಡೆ, ಎಲ್ಲಾ. "ನಿನ್ನ ಬೆರಳಿಂದ ಅಲ್ಲ ಕಣೇ, ನನ್ನ ಕೈಯಿಂದ," ಎಂದೆ.

ಪುಟ್ಟಿ ಒಬ್ಬಟ್ಟು ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಬೆರಳಿಂದ ಅಲ್ಲ ಅಂತ ಕಾಲೇಜಲ್ಲೇ ಗೊತ್ತಾಯ್ತು ಅಜ್ಜಿ," ಎಂದಳು. "ನೀನು ಅಂತ ಗೊತ್ತಿರ್ಲಿಲ್ಲ. ಅವರಿಗೆ ಹೇಳಿದ್ಯಾ?"

"ಇಲ್ಲ."

"ಅವರ ಮಗಳಿಗಾದ್ರೂ ಹೇಳ್ಬೇಕು. ನಂಬರ್ ಹುಡುಕ್ತೀನಿ, ನೀನೇ ಮಾತಾಡ್ಬೇಕು."

"ಆಗಲಿ," ಎಂದೆ.

ಸೊಸೆ ಮೆಲ್ಲಗೆ ಪಲ್ಯ ಮುಂದೆ ಸರಿಸಿದಳು, ಮಗ ನೀರು ಕುಡಿದ, ಎಲ್ಲರೂ ಮತ್ತೆ ಊಟಕ್ಕೆ ಕೈ ಹಾಕಿದರು. ನಾನು ಎದ್ದು ಸಾರು ಬಡಿಸುತ್ತಾ ಬಂದೆ. ಪುಟ್ಟಿ ತಲೆ ಎತ್ತಲಿಲ್ಲ, ಎಲೆಗೆ ಕೈ ಅಡ್ಡ ಹಿಡಿದಳು. ನಾನು ಸೌಟು ಹಿಡಿದು ಅಲ್ಲೇ ಬಗ್ಗಿ ನಿಂತೆ. ಸೊಂಟ ನೋಯುತ್ತಿತ್ತು, ಆದರೂ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದಳು.