ಕುಡಿಯದವನ ಚರ್ಮ

ಇಸಿಕೇಲಿಯ ಮೊಣಕೈ ಮೇಲೆ ಮೊದಲ ಮಚ್ಚೆ ಎದ್ದಾಗ ಅವನಿಗೆ ನಲವತ್ತೊಂಬತ್ತು ವರ್ಷ. ನಾಣ್ಯದಗಲ ಕೆಂಪು, ಅದರ ಮೇಲೆ ಬೆಳ್ಳಗಿನ ಹೊಟ್ಟು. ವರ್ಷ ತುಂಬುವುದರೊಳಗೆ ಅದು ಬೆನ್ನಿಗೆ, ಮೊಣಕಾಲಿಗೆ, ಪಾದದ ಮೇಲಕ್ಕೆಲ್ಲ ಹಬ್ಬಿತು. ಉಜ್ಜಿದರೆ ಉದುರುವುದು, ಕೆರೆದರೆ ರಕ್ತ. ಬೇರೆ ಯಾವ ದೇಶದಲ್ಲಾಗಿದ್ದರೂ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ನಮ್ಮ ಫಿಜಿಯಲ್ಲಿ, ಅದರಲ್ಲೂ ಸವುಸವು ಕಡೆಯ ನಮ್ಮ ಹಳ್ಳಿಯಲ್ಲಿ, ನೋಡಿದವರೆಲ್ಲ ಮೀಸೆಯಡಿ ನಕ್ಕರು. ಮಂಪರು ತರಿಸುವ ಯಂಗೋನದ ಬೇರನ್ನು ಕುಟ್ಟಿ, ನೀರಲ್ಲಿ ಹಿಂಡಿ, ದಿನಾ ಸಂಜೆಯಿಂದ ಕೂತು ಕುಡಿಯುವವರ ಮೈಯೂ ಹೀಗೇ ಒಣಗಿ ಹೊಟ್ಟೇಳುತ್ತದೆ. ಅದಕ್ಕೆ ಕಾನಿಕಾನಿ ಅನ್ನುತ್ತೇವೆ. ಕಾನಿಕಾನಿ ಹತ್ತಿದವನನ್ನು ಯಾರೂ ಡಾಕ್ಟರ ಹತ್ತಿರ ಕಳಿಸುವುದಿಲ್ಲ, ಎಷ್ಟು ಕುಡಿದೆಯೋ ಎಂದು ಕೇಳುತ್ತಾರೆ.

ಪಕ್ಕದ ಮನೆಯ ಎರೋನಿಗಂತೂ ಹಬ್ಬವೇ ಆಯಿತು. ಅವನು ಇಸಿಕೇಲಿಯ ಸೋದರಮಾವನ ಮಗ, ಕಾಲೆಳೆಯುವುದು ಅವನ ಹಕ್ಕು. "ಏನ್ ಭಾವ, ನಾನು ಇಪ್ಪತ್ತು ವರ್ಷ ಕುಡಿದೂ ಕುಡಿದೂ ಸಂಪಾದ್ನೆ ಮಾಡಿದ್ ಚರ್ಮಾನ ನೀನು ಪುಕ್ಸಟ್ಟೆ ಹೊಡ್ಕೊಂಡ್ಬಿಟ್ಟೆಯಲ್ಲ!" ಎಂದು ತನ್ನ ಬೂದಿ ಬಣ್ಣದ ಮುಂಗೈಯನ್ನು ಇವನ ಕೈಯ ಪಕ್ಕಕ್ಕೆ ಹಿಡಿದು ತೋರಿಸುತ್ತಿದ್ದ. ಅವನು ಬೇರೆ ಕ್ರೈಸ್ತ ಸಭೆಯವನು, ಅಲ್ಲಿ ಕುಡಿತಕ್ಕೆ ಅಡ್ಡಿಯಿಲ್ಲ. ಇಸಿಕೇಲಿ ಭಾನುವಾರದ ಬದಲು ಶನಿವಾರ ಆರಾಧನೆಗೆ ಸೇರುವ ಸಭೆಯವನು. ಆ ಸಭೆಯಲ್ಲಿ ಯಂಗೋನ ಕೂಡದು, ಹಂದಿ ಕೂಡದು, ಚಹಾಪುಡಿಯೂ ಕೂಡದು. ಮರಗೆಲಸದವನಾದ ಅವನು ಮನೆ ಕಟ್ಟಿಕೊಟ್ಟ ಕಡೆಯೆಲ್ಲ ಮೊದಲ ಬಟ್ಟಲು ಮುಂದೆ ಬಂದಾಗ ಕೈಮುಗಿದು ಎದ್ದು ಬಂದವನು. ಒಂದು ಹನಿಯನ್ನೂ ತುಟಿಗೆ ಸೋಕಿಸಿದವನಲ್ಲ.

ಸಭೆಯವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಕಣ್ಣಿಗೆ ಕಂಡ ಹೊಟ್ಟನ್ನೇ ನಂಬಿದರು. ಭಾನುವಾರದ ಜನಕ್ಕಿಂತ ನಾವು ಶುದ್ಧ ಅಂದುಕೊಂಡು ಮೂಗು ಎತ್ತಿ ನಡೆಯುವವರಿಗೆ, ತಮ್ಮೊಳಗಿನ ಒಬ್ಬ ಕದ್ದು ಕುಡಿದು ಸಿಕ್ಕಿಬಿದ್ದ ಅನ್ನುವುದಕ್ಕಿಂತ ರುಚಿಯಾದ ಸುದ್ದಿ ಬೇರೆ ಇರುತ್ತದೆಯೇ?

ಆ ಸಭೆಯಲ್ಲಿ ಮೂರು ತಿಂಗಳಿಗೊಮ್ಮೆ ಪಾದ ತೊಳೆಯುವ ಸೇವೆ ಇರುತ್ತದೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಇಬ್ಬಿಬ್ಬರಾಗಿ ಕೂತು ಒಬ್ಬರ ಕಾಲನ್ನು ಇನ್ನೊಬ್ಬರು ಬೋಗುಣಿಯಲ್ಲಿಟ್ಟು ತೊಳೆದು ಒರೆಸಬೇಕು. ಆಮೇಲೇ ಪ್ರಭುಭೋಜನದ ರೊಟ್ಟಿ, ದ್ರಾಕ್ಷಿರಸ. ನೀರು ಬೆಚ್ಚಗೆ ಮಾಡಿ, ಬೋಗುಣಿ ಜೋಡಿಸಿ, ಟವೆಲು ಮಡಚಿಡುವ ಸೇವೆ ಇಸಿಕೇಲಿಯ ಅಪ್ಪನದಾಗಿತ್ತು, ಅಪ್ಪನ ನಂತರ ಅವನದು. ಮಚ್ಚೆ ಎದ್ದ ಮೂರನೇ ವರ್ಷ, ಗುಸುಗುಸು ಸಭೆಯ ತುಂಬ ಹಬ್ಬಿದ ಸಲವೂ ಎಲ್ಲ ಜೋಡಿಸಿ, ಕೊನೆಯ ಬೋಗುಣಿಯ ಮುಂದೆ ತಾನು ಕೂತ. ಎದುರಿಗೆ ಯಾರೂ ಬಂದು ಕೂರಲಿಲ್ಲ. ಸಭೆಗೆ ಗಂಡಸರು ಪಂಚೆಯಂತೆ ಸೊಂಟಕ್ಕೆ ಸುತ್ತಿ ಉಡುವ ಸುಲು ಮೊಣಕಾಲಿನ ಕೆಳಗೆ ಏನನ್ನೂ ಮುಚ್ಚುವುದಿಲ್ಲ, ಹಾಗಾಗಿ ಅವನ ಕಾಲು ಎಲ್ಲರಿಗೂ ಕಾಣುತ್ತಿತ್ತು. ಒಬ್ಬ ಬಂದವನು ಅದನ್ನು ನೋಡಿ ಬಗ್ಗಿ ತನ್ನದೇ ಚಪ್ಪಲಿ ಸರಿಮಾಡಿಕೊಂಡಂತೆ ಮಾಡಿ ಹೋಗಿಬಿಟ್ಟ. ನೀರು ತಣ್ಣಗಾಯಿತು. ಇಸಿಕೇಲಿ ತನ್ನ ಕಾಲನ್ನು ತಾನೇ ತೊಳೆದುಕೊಂಡು ಎದ್ದ.

ಮರುದಿನ ಸಭೆಯ ಹಿರಿಯ ಮೆಸಾಕೆ ಮನೆಗೇ ಬಂದ. "ತಪ್ಪು ತಿಳ್ಕೋಬೇಡ ತಮ್ಮಾ. ಬೋಗುಣಿ ಕೆಲಸ ಸದ್ಯಕ್ಕೆ ಬೇರೆಯವರು ನೋಡ್ಕೊಳ್ಳಲಿ. ಜನ ಮಾತಾಡ್ತಾರೆ."

"ಏನಂತ ಮಾತಾಡ್ತಾರಣ್ಣ?"

"ನಿಂಗೇ ಗೊತ್ತಲ್ಲ."

ಈ ಮೆಸಾಕೆಗೆ ಗುಡ್ಡದ ಮೇಲೆ ಎರಡು ಎಕರೆ ಯಂಗೋನದ ತೋಟವಿದೆ. ಕುಡಿಯುವುದು ಪಾಪ, ಬೆಳೆದು ಮಾರುವುದು ಬೇಸಾಯ! ಇದನ್ನು ಆಡಿ ತೋರಿಸುವ ಧೈರ್ಯ ಇಸಿಕೇಲಿಗೆ ಇರಲಿಲ್ಲ. ಊರಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅವನ ಹೆಂಡತಿ ತೊರಿಕಾ ಮಾರನೇ ದಿನವೇ ಅವನನ್ನು ಬಸ್ಸು ಹತ್ತಿಸಿ ಸವುಸವು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ನರ್ಸಮ್ಮ ತೋಳು ತಿರುಗಿಸಿ ನೋಡಿ, ಡಾಕ್ಟರಿಗೆ ತೋರಿಸಿ, ರಕ್ತ ತೆಗೆಸಿದಳು. ವಾರದ ಮೇಲೆ ವರದಿ ಬಂದಾಗ ಮತ್ತೆ ಕರೆಸಿ, "ಇದು ಕಾನಿಕಾನಿ ಅಲ್ಲ, ಸೋರಿಯಾಸಿಸ್. ಅಂಟುರೋಗ ಅಲ್ಲ. ಇಷ್ಟು ಬಿಸಿಲಿರೋ ದೇಶದಲ್ಲಿ ನಿಮ್ಮ ಮೈಯಲ್ಲಿ ವಿಟಮಿನ್ ಡಿ ತಳ ಮುಟ್ಟಿದೆಯಲ್ಲ, ಯಾಕೆ?" ಎಂದು ಕೇಳಿದಳು. ಇಸಿಕೇಲಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಎರಡು ವರ್ಷದಿಂದ, ಸಭೆಗೆ ಹೋಗುವ ಹೊತ್ತು ಬಿಟ್ಟರೆ, ಅವನು ಉರಿಬಿಸಿಲಲ್ಲೂ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಬಿಟ್ಟು ಹೊರಗೆ ಬಂದಿರಲಿಲ್ಲ. ಗುಳಿಗೆ ಕೊಟ್ಟಳು, ಮುಲಾಮು ಕೊಟ್ಟಳು, ಬೆಳಗ್ಗೆ ಸ್ವಲ್ಪ ಹೊತ್ತು ಕೈಕಾಲು ಬಿಸಿಲಿಗೊಡ್ಡಿ ಎಂದಳು. "ವಿಟಮಿನ್ ಒಂದು ಆಸರೆ ಅಷ್ಟೆ, ಅದೇ ಔಷಧಿ ಅಂದ್ಕೋಬೇಡಿ. ಹೇಳಿದ್ದಕ್ಕಿಂತ ಜಾಸ್ತಿ ನುಂಗಲೂ ಬೇಡಿ. ಈ ರೋಗ ಕಮ್ಮಿ ಆಗುತ್ತೆ, ಮತ್ತೆ ಬರುತ್ತೆ. ಚಿಂತೆ ಮಾಡಿದ್ರೆ ಬೇಗ ಬರುತ್ತೆ."

ಇಸಿಕೇಲಿ ಆಸ್ಪತ್ರೆಯ ಚೀಟಿ, ಗುಳಿಗೆಯ ಡಬ್ಬಿ ಎರಡನ್ನೂ ಮೆಸಾಕೆಯ ಮುಂದಿಟ್ಟ. ಮೆಸಾಕೆ ಚೀಟಿ ಓದಲಿಲ್ಲ. ಡಬ್ಬಿಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದ. "ಒಳ್ಳೇದಾಯ್ತು. ತಗೋ. ಪ್ರತಿ ಶನಿವಾರ ಜಗಲಿ ಮೇಲೆ ನಮಗೆ ಕಾಲು ತೋರ್ಸು. ರೋಗಾನೋ ಕುಡಿತಾನೋ, ದೇವರೇ ತೋರಿಸ್ಕೊಡ್ತಾನೆ."

ಹಾಗೆ ವಿಟಮಿನ್ ಗುಳಿಗೆಯ ಮೇಲೆ ಒಬ್ಬ ಮನುಷ್ಯನ ಮಾನ ನಿಂತಿತು. ಪ್ರತಿ ಶನಿವಾರ ಸಭೆಯ ಜಗಲಿಯಲ್ಲಿ ಐವತ್ತೆರಡರ ಗಂಡಸು ಸುಲು ಎತ್ತಿ ಹಿಡಿದು ನಿಲ್ಲುವುದು, ನಾಲ್ಕು ಜನ ದೊಡ್ಡವರು ಬಗ್ಗಿ ದನದ ಗೊರಸು ನೋಡುವಂತೆ ನೋಡುವುದು. ಒಬ್ಬ ಒಣಗಿದೆ ಅನ್ನುವನು, ಇನ್ನೊಬ್ಬ ಇಲ್ಲೊಂದು ಹೊಸದು ಅನ್ನುವನು. ಯಾರೂ ಮುಟ್ಟುತ್ತಿರಲಿಲ್ಲ. ಒಬ್ಬ ಹಿರಿಯ ಹಾಡಿನ ಪುಸ್ತಕದ ಅಂಚಿನಿಂದ ಒತ್ತಿ ನೋಡಿ, ಆಮೇಲೆ ಆ ಪುಸ್ತಕವನ್ನು ಅಂಗಿಗೆ ಒರೆಸಿಕೊಂಡ. ಅದೇ ಪುಸ್ತಕ ಹಿಡಿದು ಒಳಗೆ ಹೋಗಿ ಹಾಡಿದ, ಥೂ! ಇವತ್ತಿಗೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಮಚ್ಚೆಗಳು ತೆಳ್ಳಗಾದವು. ಮೊಣಕೈ ನುಣುಪಾಯಿತು, ಕೆರೆತ ಹೋಯಿತು. ಇಸಿಕೇಲಿ ಗರಗಸ ಹಿಡಿದು ಅರ್ಧತೋಳಿನ ಅಂಗಿಯಲ್ಲಿ ಅಂಗಳಕ್ಕೆ ಬಂದ ದಿನ ಎರೋನಿ ಬೇಲಿಯಾಚೆಯಿಂದ ಕೂಗಿದ: "ಅಯ್ಯೋ ಭಾವ, ನನ್ನ ಒಬ್ನನ್ನೇ ಬಿಟ್ಟು ಹೋಗ್ತಿದ್ದೀಯಲ್ಲೋ! ಆ ಗುಳಿಗೆ ಇತ್ಲಾಗೆ ಎರಡು ಎಸಿ!" ಇಸಿಕೇಲಿ ಬಹಳ ದಿನಗಳ ಮೇಲೆ ಜೋರಾಗಿ ನಕ್ಕ. ಸತ್ಯ ಗೆದ್ದಿತು, ಬೋಗುಣಿ ತನ್ನ ಕೈಗೆ ಬಂತು ಎಂದೇ ಅವನು ಅಂದುಕೊಂಡಿದ್ದ.

ಆ ಶನಿವಾರ ಜಗಲಿಯಲ್ಲಿ ಮೆಸಾಕೆ ಅವನ ಕಾಲು ನೋಡಿ, ತುಂಬುಕಣ್ಣಿನಿಂದ ಬೆನ್ನು ತಟ್ಟಿದ. "ದೇವರು ದೊಡ್ಡವನು ತಮ್ಮಾ. ಕೊನೆಗೂ ಬಿಟ್ಟೆಯಲ್ಲ."

"ಏನನ್ನ?"

"ಯಂಗೋನಾನ. ಬಿಡದೇ ಇದ್ದಿದ್ರೆ ಮೈ ಹಿಂಗೆ ಶುದ್ಧ ಆಗ್ತಿತ್ತಾ? ಗುಳಿಗೆ ಒಂದು ನೆಪ. ಇನ್ನು ಹದಿನೈದು ದಿನಕ್ಕೆ ಪಾದ ತೊಳೆಯೋ ಸೇವೆ. ಅವತ್ತು ಎದ್ದು ನಿಂತು ಸಾಕ್ಷಿ ಹೇಳಿಬಿಡು, ಕುಡೀತಿದ್ದೆ, ಬಿಟ್ಟೆ ಅಂತ. ಬೋಗುಣಿ ನಿಂದೇ."

ಇಸಿಕೇಲಿ ಎತ್ತಿ ಹಿಡಿದಿದ್ದ ಸುಲುವನ್ನು ಕೆಳಗೆ ಬಿಟ್ಟ. ವಾಸಿಯಾಗದಿದ್ದರೆ ಇನ್ನೂ ಕುಡಿಯುತ್ತಿದ್ದಾನೆ, ವಾಸಿಯಾದರೆ ಮುಂಚೆ ಕುಡಿಯುತ್ತಿದ್ದ. ಹೇಗೆ ತಿರುಗಿಸಿದರೂ ಕುಡುಕನೇ. ಅವನು ಮನೆಗೆ ಬಂದು ಇದನ್ನು ಹೇಳಿದಾಗ ತೊರಿಕಾ ಮರಗೆಣಸು ಸುಲಿಯುತ್ತಿದ್ದಳು. ಚಾಕು ಕೆಳಗಿಟ್ಟಳು.

"ಇಲ್ಲ ಅಂದು ಬಂದ್ರಿ ತಾನೇ?"

"ಯೋಚ್ನೆ ಮಾಡ್ತೀನಿ ಅಂದೆ."

"ಮಾಡೋಕೆ ಏನಿದೆ ಇದ್ರಲ್ಲಿ? ನರ್ಸಮ್ಮ ಏನಂದ್ರು? ಮತ್ತೆ ಬರುತ್ತೆ ಅಂದ್ರಲ್ವಾ? ನಾಳೆ ಮತ್ತೆ ಎದ್ರೆ ಏನ್ ಮಾಡ್ತೀರಿ? ಮತ್ತೆ ಕುಡಿದೆ ಅಂತ ಇನ್ನೊಂದು ಸಾಕ್ಷಿ ಹೇಳ್ತೀರಾ?"

"ಒಂದೇ ಒಂದು ಮಾತು ತೊರಿಕಾ. ಹೇಳಿದ್ರೆ ಎಲ್ಲ ಮುಗಿಯುತ್ತೆ. ನನ್ನೆದುರು ಯಾರಾದ್ರೂ ಬಂದು ಕೂರ್ತಾರೆ."

"ಯಾರೂ ಕೂರದಿದ್ರೆ ನಾನು ಕೂರ್ತೀನಿ. ಗಂಡಸರ ಕಡೆ ಬಂದೇ ಕೂರ್ತೀನಿ, ಯಾರ್ ಎಬ್ಬಿಸ್ತಾರೋ ನೋಡೋಣ" ಎಂದಳು ತೊರಿಕಾ. ಅವಳು ಮಾತಿಗೆ ಹೇಳುವವಳಲ್ಲ, ಮಾಡುವವಳು.

ಸೇವೆಯ ದಿನ ಬಂತು. ಸಭೆ ಕಿಕ್ಕಿರಿದಿತ್ತು. ಸಾಕ್ಷಿ ಇದೆ ಎಂದು ಸುದ್ದಿ ಹಬ್ಬಿತ್ತು, ಆರು ತಿಂಗಳಿಂದ ಮುಖ ತೋರಿಸದವರೂ ಬಂದಿದ್ದರು. ಮೆಸಾಕೆ ಹೆಸರು ಕರೆದ. ಇಸಿಕೇಲಿ ಎದ್ದು ನಿಂತ. ಹೆಂಗಸರ ಸಾಲಿನಿಂದ ತೊರಿಕಾ ಅವನನ್ನೇ ನೋಡುತ್ತಿದ್ದಳು. ಅವನು ಅವಳ ಕಡೆ ನೋಡದೆ, ಗೋಡೆಯ ಪಕ್ಕ ಸಾಲಾಗಿ ಇಟ್ಟಿದ್ದ ಬೋಗುಣಿಗಳನ್ನು ನೋಡಿದ.

"ನಾನು ಕದ್ದು ಕುಡೀತಿದ್ದೆ. ಬಿಟ್ಟಿದ್ದೀನಿ. ಕ್ಷಮಿಸಿ" ಎಂದ.

ಸಭೆಯೇ ಬಿಕ್ಕಿತು. ಯಾರೋ ಹಾಡು ಎತ್ತಿದರು. ಗಂಡಸರು ಸಾಲುಗಟ್ಟಿ ಬಂದು ಅಪ್ಪಿಕೊಂಡರು, ಅವರ ಕೊಬ್ಬರಿ ಎಣ್ಣೆ, ಬೆವರು ಎಲ್ಲ ಅವನ ಕೊರಳಿಗೆ ಅಂಟಿತು. ಮೆಸಾಕೆ ತಾನೇ ಮಂಡಿಯೂರಿ ಅವನ ಕಾಲನ್ನು ಬೋಗುಣಿಗೆ ಇಳಿಸಿದ. ಬೆರಳಿನ ಸಂದಿಯನ್ನೂ ಬಿಡದೆ ಉಜ್ಜಿದ. ಪಾದದ ಮೇಲೆ ಇನ್ನೂ ಉಳಿದಿದ್ದ ಹೊಟ್ಟು ನೆನೆದು ನೀರಲ್ಲಿ ತೇಲಿತು. ರೋಗದ ಹೊಟ್ಟು ಎಂದಾಗ ಮುಟ್ಟದೆ ದೂರ ಸರಿದ ಕೈ ಈಗ ಪಾಪದ ಹೊಟ್ಟನ್ನು ಮುದ್ದಿನಿಂದ ತೊಳೆಯುತ್ತಿತ್ತು. ಇಸಿಕೇಲಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೆಚ್ಚಗಿನ ನೀರು ಹಿತವಾಗಿತ್ತು.

ಮನೆಗೆ ಬಂದ ಮೇಲೆ ತೊರಿಕಾ ಕೆಸುವಿನೆಲೆಯ ಸಾರು, ಗೆಣಸು ಬಡಿಸಿ ತಾನು ಬೇರೆ ಕಡೆ ಕೂತು ಉಂಡಳು. ಉಂಡು ಕೈತೊಳೆದು ಬಂದ ಇಸಿಕೇಲಿ ಅಂಗಿ ಬಿಚ್ಚಿ ಚಾಪೆಯ ಮೇಲೆ ಕೂತು, "ಬೆನ್ನಿಗೊಂಚೂರು ಮುಲಾಮು ಹಚ್ಚೇ" ಎಂದ.

ಅವಳು ಮುಲಾಮಿನ ಡಬ್ಬಿ ತಂದಳು. ಮುಚ್ಚಳ ತೆರೆದು, ಅವನ ಬೆನ್ನು ನೋಡಿ, ಡಬ್ಬಿಯನ್ನು ಅವನ ಪಕ್ಕದಲ್ಲಿ ನೆಲದ ಮೇಲಿಟ್ಟಳು.

"ಮೂರು ವರ್ಷ ಈ ಹೊಟ್ಟನ್ನ ಹಾಸಿಗೆಯಿಂದ ಬರಿಗೈಲಿ ಬಳಿದು ಹಾಕಿದ್ದೀನಿ. ಒಂದು ದಿನಾನೂ ನಂಗೆ ಅಸಹ್ಯ ಆಗಿರ್ಲಿಲ್ಲ ಕಣ್ರೀ. ಇವತ್ತು ನಿಮ್ಮನ್ನ ಮುಟ್ಟೋಕಾಗ್ತಿಲ್ಲ."