ಲಿಫ್ಟಪ್ಪನ ಹಿಂದಿನ ಸೀಟು

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ, ಮನುಷ್ಯನ ವಿಷಯಕ್ಕೆ ಆಮೇಲೆ ಬರೋಣ. ನಮ್ಮ ಬೀದಿಯವರು ಅವನನ್ನು ಗುರುತು ಹಿಡಿದಿದ್ದೂ ಹಾಗೆಯೇ. ಸ್ಕೂಟರ್ ಅಂದರೆ ಮೈತುಂಬ ತಗಡು ಹೊದ್ದು ಮರ್ಯಾದೆಯಾಗಿ ಓಡಾಡುವ ವಸ್ತು ಎಂದು ನಾವೆಲ್ಲ ನಂಬಿದ್ದೆವು. ಇದಕ್ಕೆ ತಗಡೇ ಇರಲಿಲ್ಲ, ಬರೀ ಪೈಪು. ಸೀಟಿನ ಕೆಳಗೆ ಕೈ ತೂರಿಸಿದರೆ ಆಚೆ ಕಡೆ ಬರುತ್ತಿತ್ತು. ಮುಂದೆ ಎರಡು ದೊಡ್ಡ ದುಂಡು ದೀಪ. ಟೈರು ಎಷ್ಟು ದಪ್ಪ ಅಂದರೆ, ಟ್ರ್ಯಾಕ್ಟರ್ ಮಾಡಲು ಹೊರಟವರು ಅರ್ಧಕ್ಕೆ ಮನಸ್ಸು ಬದಲಾಯಿಸಿದಂತಿತ್ತು. ಇಷ್ಟೆಲ್ಲ ಆರ್ಭಟ ಮಾಡಿ ಇಂಜಿನ್ ಮಾತ್ರ ಅಂಗೈ ಅಗಲ. ಸೀಟು ಒಂದೇ ಒಂದು. ಹಿಂದೆ ಯಾರೂ ಕೂರುವ ಹಾಗಿಲ್ಲ, ಸಾಮಾನು ಕಟ್ಟಲು ಒಂದು ಕಬ್ಬಿಣದ ಜಾಲರಿ ಅಷ್ಟೇ.

ಮಾರುವ ಅಂಗಡಿಯಲ್ಲಿ ಅದು ಎರಡು ವರ್ಷ ಮೂಲೆ ಹಿಡಿದು ನಿಂತಿತ್ತಂತೆ. ಕೊಳ್ಳಲು ಬಂದವರು ಒಂದು ಸುತ್ತು ಹಾಕಿ, ನಕ್ಕು, ಬೇರೆಯದನ್ನು ಕೊಂಡು ಹೋಗುತ್ತಿದ್ದರು. ಇದನ್ನೇ ಯಾಕಯ್ಯಾ ತಗೊಂಡೆ ಎಂದು ನಾನು ಕೇಳಿದ್ದಕ್ಕೆ, "ಟೂಲ್ ಬ್ಯಾಗ್ ಇಡೋಕೆ ಜಾಗ ಇದೆ ಅಣ್ಣ" ಅಂದ. ಆಮೇಲೆ, "ಪಾಪ, ಯಾರೂ ತಗೊಳ್ತಿರ್ಲಿಲ್ಲ" ಅಂತಲೂ ಸೇರಿಸಿದ. ಬೀದಿಯವರು ಗಾಡಿಗೆ ಅಸ್ಥಿಪಂಜರ ಅಂತ ಹೆಸರಿಟ್ಟರು. ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಅವನಿಗೆ ಲಿಫ್ಟಪ್ಪ ಅಂತ. ಎರಡಕ್ಕೂ ಅವನು ತಕರಾರು ಎತ್ತಲಿಲ್ಲ.

ನಾನು ಅವನ ಮನೆಯ ಕೆಳಗಿನ ವೆಲ್ಡಿಂಗ್ ಅಂಗಡಿಯವನು. ಗೇಟು, ಕಿಟಕಿ ಸರಳು, ಮುರಿದ ಕುರ್ಚಿಯ ಕಾಲು, ಯಾವುದು ತಂದರೂ ಸೈ. ನನಗೆ ಕಬ್ಬಿಣದ ಮೇಲಿರುವ ಹಿಡಿತ ನಾಲಿಗೆಯ ಮೇಲಿಲ್ಲ ಎಂದು ನನ್ನ ಹೆಂಡತಿ ಮದುವೆಯಾದ ಮೊದಲ ತಿಂಗಳಿಂದ ಹೇಳುತ್ತಲೇ ಬಂದಿದ್ದಾಳೆ. ನಾನು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ.

ಲಿಫ್ಟಪ್ಪನಿಗೆ ಆಗ ನಲವತ್ತನಾಲ್ಕು. ತಾಯಿ ಹೋದ ಮೇಲೆ ಮೇಲಿನ ಎರಡು ಕೋಣೆಯಲ್ಲಿ ಒಬ್ಬನೇ. ತಾಯಿಯ ಮಂಚ ಹಾಗೇ ಇತ್ತು. ಅದರ ಮೇಲೆ ಒಗೆದ ಬಟ್ಟೆ ಹರಡುತ್ತಿದ್ದ. ದೂರದಲ್ಲಿದ್ದ ತಂಗಿ ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಆಯ್ತು, ಮಕ್ಕಳು ಚೆನ್ನಾಗಿದಾರಾ, ಇದಾರೆ. ಮೂರು ನಿಮಿಷದಲ್ಲಿ ಮಾತು ಮುಗಿದುಹೋಗುತ್ತಿತ್ತು. ಆಮೇಲೆ ಇಳಿದುಬಂದು ನನ್ನ ಅಂಗಡಿಯ ಮುಂದಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ. ನಾನು ಮಾತಾಡುತ್ತಿದ್ದೆ, ಅವನು ಕೇಳುತ್ತಿದ್ದ. ಅವನು ಒಂಟಿ ಅನ್ನುವುದು ನನಗೆ ಗೊತ್ತಿತ್ತು, ಆದರೆ ಅದು ಅವನಿಗೆ ಒಗ್ಗಿದೆ ಅಂದುಕೊಂಡಿದ್ದೆ. ಅದು ಯಾರಿಗೂ ಒಗ್ಗುವುದಿಲ್ಲ.

ಕೆಲಸವೂ ಅಂಥದ್ದೇ. ಲಿಫ್ಟ್ ಓಡುವ ಆ ಉದ್ದನೆಯ ಕತ್ತಲ ಬಾವಿಯೊಳಗೆ ಇಳಿದು ಹಗ್ಗ ನೋಡಬೇಕು, ಕಂಬಿಗೆ ಎಣ್ಣೆ ಹಚ್ಚಬೇಕು, ಬಾಗಿಲಿನ ಗಾಲಿ ಬದಲಾಯಿಸಬೇಕು. ಲಿಫ್ಟ್ ಚೆನ್ನಾಗಿ ಓಡಿದರೆ ಅವನು ಇದ್ದಾನೆ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟು ನಿಂತಾಗ ಮಾತ್ರ ಎಲ್ಲರಿಗೂ ಅವನೇ ಬೇಕು, ಅದೂ ಬೈಯಲು.

ಹಾಗೆ ಒಂದು ದಿನ ಪೇಟೆಯ ಐದು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟ್ ನಿಂತುಹೋಯಿತು. ಒಳಗೆ ಸಿಕ್ಕಿಕೊಂಡವರು ಮೂರನೇ ಮಹಡಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಹೆಂಗಸು. ಮೇಲಿನ ಯಂತ್ರದ ಕೋಣೆಗೆ ಹೋಗಿ ಕೈಯಿಂದ ಚಕ್ರ ತಿರುಗಿಸಿದರೆ ಲಿಫ್ಟ್ ಕೆಳಗಿಳಿಯುತ್ತದೆ, ಐದು ನಿಮಿಷದ ಕೆಲಸ. ಆದರೆ ಆ ಕೋಣೆಯ ಬೀಗದ ಕೈಯನ್ನು ಕಟ್ಟಡದ ಮೇಲ್ವಿಚಾರಕ ಜೇಬಿನಲ್ಲಿಟ್ಟುಕೊಂಡು ಊರಾಚೆ ಹೋಗಿದ್ದ. ಅವನು ಬರಲು ನಲವತ್ತು ನಿಮಿಷ ಹಿಡಿಯಿತು. ಲಿಫ್ಟಪ್ಪ ಮೂರನೇ ಮಹಡಿಯ ಬಾಗಿಲನ್ನು ತನ್ನ ಕೀಲಿಯಿಂದ ತೆಗೆದು, ಅಂಚಿನಲ್ಲಿ ಕೂತು, ಸ್ವಲ್ಪ ಕೆಳಗೆ ನಿಂತಿದ್ದ ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಕಡೆ ಬಾಗಿ ಮಾತಾಡುತ್ತ ಹೋದ.

ಅವರ ಕಸುಬಿನಲ್ಲಿ ಅದೊಂದು ಕಟ್ಟುನಿಟ್ಟು. ಒಳಗೆ ಸಿಕ್ಕಿಕೊಂಡವರ ಜೊತೆ ಮಾತು ನಿಲ್ಲಿಸಬಾರದು. "ಇನ್ನೈದು ನಿಮಿಷ" ಅಂತ ಸುಳ್ಳು ಭರವಸೆ ಕೊಡಬಾರದು. ಕೇಳುತ್ತಲೇ ಇರಬೇಕು, ಅವರು ಉತ್ತರ ಕೊಡುತ್ತಲೇ ಇರಬೇಕು. ಗಾಳಿ ಬರ್ತಿದೆಯಾ, ಕೂತಿದೀರಾ ನಿಂತಿದೀರಾ, ದೀಪ ಉರೀತಿದೆಯಾ. ಲಿಫ್ಟಿನ ಪ್ರಶ್ನೆಗಳು ಹತ್ತು ನಿಮಿಷಕ್ಕೇ ಖಾಲಿಯಾದವು. ಆಮೇಲೆ ಅವನು ಗಾಜು ಹೇಗೆ ಉಜ್ಜುತ್ತೀರಿ ಎಂದು ಕೇಳಿದ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದ. ಗಂಡ ತೀರಿಕೊಂಡು ಆರು ವರ್ಷ, ಅಕ್ಕಭಾವನ ಮನೆಯಲ್ಲಿ ಇದ್ದೇನೆ, ಅವರು ಒಳ್ಳೆಯವರೇ, ಆದರೆ ಸಂಜೆ ಬೇಗ ಮನೆಗೆ ಹೋಗಬೇಕು ಅನ್ನಿಸುವುದಿಲ್ಲ ಎಂದು ಆಕೆ ಕೆಳಗಿನಿಂದ ಹೇಳಿದರು. ಅವನೂ ತಾಯಿಯ ಮಂಚದ ವಿಷಯ ಹೇಳಿದ. ನನಗೆ ಎಂಟು ವರ್ಷದಲ್ಲಿ ಹೇಳದೇ ಇದ್ದದ್ದನ್ನು ಆ ಕತ್ತಲೆಗೆ ನಲವತ್ತು ನಿಮಿಷದಲ್ಲಿ ಹೇಳಿದ್ದ. ಮಧ್ಯೆ ಒಂದು ಕಬ್ಬಿಣದ ಪೆಟ್ಟಿಗೆ ಇದ್ದರೆ ಅವನಿಗೆ ಮಾತು ಸರಾಗ.

ಅದಾಗಿ ಹದಿನೈದು ದಿನಕ್ಕೆ ಗಾಡಿ ತಳ್ಳಿಕೊಂಡು ನನ್ನ ಅಂಗಡಿಗೆ ಬಂದ. "ಅಣ್ಣ, ಹಿಂದೆ ಒಂದು ಸೀಟ್ ಮಾಡಿಕೊಡ್ತೀರಾ?"

ನಾನು ವೆಲ್ಡಿಂಗ್ ಟಾರ್ಚು ಕೆಳಗಿಟ್ಟೆ. ಇಂಥ ಅವಕಾಶ ಬಿಡುವ ಜಾತಿ ನನ್ನದಲ್ಲ. "ಯಾರಿಗಯ್ಯಾ? ಬ್ಯಾಗಿಗೆ ಕಾಲು ನೋವು ಬಂತಾ?"

ಅವನು ಕಿವಿಯವರೆಗೆ ಕೆಂಪಾದ. ಹಿಂಡಿ ಹಿಂಡಿ ಕೇಳಿದ ಮೇಲೆ ಇಷ್ಟೂ ಕಥೆ ಹೊರಬಂತು. ಆ ಸೀಟಿಗೆ ಅವನು ಕೊಟ್ಟ ಕಾಟ ನನಗೆ ಇನ್ನೂ ನೆನಪಿದೆ. ಮುಕ್ಕಾಲು ಇಂಚಿನ ಪೈಪು ಸಾಲದು, ಒಂದು ಇಂಚೇ ಬೇಕು. ಕಾಲಿಡಲು ಎರಡೂ ಕಡೆ ಹಲಗೆ ಬೇಕು, ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತರೂ ಸರಿಹೋಗುವಷ್ಟು ಅಗಲ ಇರಬೇಕು. ಹಿಡಿದುಕೊಳ್ಳಲು ಸೀಟಿನ ಪಕ್ಕ ಕಂಬಿ ಬೇಕು. "ನನ್ನನ್ನೇ ಹಿಡ್ಕೋಬೇಕು ಅನ್ನೋ ಹಾಗೆ ಆಗ್ಬಾರ್ದು ಅಣ್ಣ" ಅಂದ. ಸ್ಪಂಜು ಎರಡು ಸಲ ಬದಲಾಯಿಸಿದೆವು. ಕೊನೆಗೆ ನನ್ನನ್ನೇ ಕೂರಿಸಿಕೊಂಡು ಬೀದಿ ಸುತ್ತಿ, ಹಳ್ಳ ಬಂದಾಗ ಎಷ್ಟು ಕುಲುಕಿತು ಎಂದು ಕೇಳಿದ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಗುತ್ತಿದ್ದ. ಅವನ ಹಲ್ಲು ನಾನು ಸರಿಯಾಗಿ ನೋಡಿದ್ದು ಅವತ್ತೇ.

ಗುರುವಾರ ಸಂಜೆ ಆಕೆ ಕೆಲಸ ಬಿಟ್ಟು ಹೊರಬರುವಾಗ ಕಟ್ಟಡದ ಗೇಟಿನ ಹತ್ತಿರ ಕಾದು ನಿಂತ. ಮೂರು ದಿನದಿಂದ ಕಂಠಪಾಠ ಮಾಡಿಕೊಂಡಿದ್ದ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದ. "ಶನಿವಾರ ನಿಮಗೆ ಅರ್ಧ ದಿನ ಅಲ್ವಾ. ಗಾಡಿಗೆ ಹಿಂದೆ ಸೀಟ್ ಹಾಕಿಸಿದೀನಿ, ನಮ್ಮ ವೆಲ್ಡಿಂಗ್ ಅಣ್ಣ ಮಾಡ್ಕೊಟ್ರು. ಒಂದು ಗಂಟೆಗೆ ಇಲ್ಲೇ ಬಂದ್ರೆ ಹೊಳೆ ದಂಡೆ ತನಕ ಹೋಗಿಬರಬಹುದು, ನೀವು ಬರೋ ಹಾಗಿದ್ರೆ."

ಆಕೆ ಗಾಡಿಯನ್ನು ನೋಡಿದರು. ಸೀಟನ್ನು ನೋಡಿದರು. ತಮ್ಮ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು, "ಬರ್ತೀನಿ" ಅಂದು, ಬಸ್ಸಿನ ಕಡೆ ನಡೆದುಬಿಟ್ಟರು.

ಅವನು ನೇರ ನನ್ನ ಅಂಗಡಿಗೆ ಬಂದ. "ಅಣ್ಣ, ಬರ್ತೀನಿ ಅಂದ್ರು. ಏನರ್ಥ?"

ನಮ್ಮ ಮಾತಿನ ಹಣೆಬರಹವೇ ಇದು. ಎದ್ದು ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಹೊರಟೆ ಅನ್ನುವುದಕ್ಕೂ ಅದೇ, ನಿಮ್ಮ ಜೊತೆ ಬರುತ್ತೇನೆ ಅನ್ನುವುದಕ್ಕೂ ಅದೇ. ನಾನು ದೊಡ್ಡ ನ್ಯಾಯಾಧೀಶನ ಹಾಗೆ ವಿಚಾರಣೆ ಶುರುಮಾಡಿದೆ. "ನಿನ್ನ ಮುಖ ನೋಡ್ಕೊಂಡು ಹೇಳಿದ್ರಾ?" ಇಲ್ಲ, ಸೀಟ್ ನೋಡ್ತಿದ್ರು. "ನಕ್ಕರಾ?" ಗೊತ್ತಾಗ್ಲಿಲ್ಲ. "ಹೇಳಿದ ಮೇಲೆ ನಿಂತ್ರಾ, ನಡೆದ್ರಾ?" ನಡೆದ್ರು.

"ಹಾಗಾದ್ರೆ ಮುಗೀತು ಬಿಡಯ್ಯಾ" ಅಂದೆ. "ಅದು ಹೊರಡೋ ಬರ್ತೀನಿ. ಬರಲ್ಲ ಅನ್ನೋಕೆ ಸಂಕೋಚ, ನಯವಾಗಿ ಜಾರ್ಕೊಂಡಿದಾರೆ. ನೀನು ಶನಿವಾರ ಅಲ್ಲಿ ಹೋಗಿ ಕಂಬದ ಹಾಗೆ ನಿಂತು ಅವರಿಗೂ ಮುಜುಗರ ಮಾಡ್ಬೇಡ."

ನಿಜ ಹೇಳಬೇಕೆಂದರೆ, ನನಗೆ ಆ ಅರ್ಥ ಗೊತ್ತಿತ್ತು ಅಂತಲ್ಲ. ಜಾಣತನ ತೋರಿಸಲು ಒಂದು ಅವಕಾಶ ಸಿಕ್ಕಿತ್ತು, ತೋರಿಸಿದೆ. ಅವನು ಎದ್ದು ಗಾಡಿಗೆ ಬೀಗ ಹಾಕಿದ. ಆಮೇಲೆ "ನನಗೂ ಹಾಗೇ ಅನ್ನಿಸ್ತು" ಎಂದು ಮೇಲೆ ಹತ್ತಿಹೋದ. ಶನಿವಾರ ಅವನು ಹೋಗಲಿಲ್ಲ. ಮಧ್ಯಾಹ್ನವೆಲ್ಲ ಮೇಲಿನ ಕೋಣೆಯಲ್ಲಿ ಅವನು ಅತ್ತಿಂದಿತ್ತ ಓಡಾಡುವ ಸದ್ದು ಕೇಳುತ್ತಿತ್ತು. ನಾಚಿಕೆಗೆ ಆ ಕಟ್ಟಡವನ್ನೇ ಇನ್ನೊಬ್ಬ ಮೆಕ್ಯಾನಿಕ್ಕಿಗೆ ಬಿಟ್ಟುಕೊಟ್ಟು, ಅವನ ಪಾಲಿನ ಆಸ್ಪತ್ರೆಯ ಲಿಫ್ಟುಗಳನ್ನು ತಾನು ತೆಗೆದುಕೊಂಡ. ಹಿಂದಿನ ಸೀಟಿನ ಮೇಲೆ ಮತ್ತೆ ಬ್ಯಾಗ್ ಬಂದು ಕೂತಿತು.

ಏಳು ತಿಂಗಳು ಕಳೆಯಿತು. ನನಗೆ ಹತ್ತಿರದ ಅಕ್ಷರ ಕಾಣದಂತಾಗಿ ಹೆಂಡತಿ ಬೈದು ಕನ್ನಡಕಕ್ಕೆ ಅಟ್ಟಿದಳು. ಯಾವ ಅಂಗಡಿ ಅನ್ನುವುದು ಮೂರನೇ ಮಹಡಿಗೆ ಹೋದ ಮೇಲೆಯೇ ನನಗೆ ಹೊಳೆದಿದ್ದು. ಬಿಳಿ ಕೋಟು ಹಾಕಿದ ಒಬ್ಬ ಹೆಂಗಸು ನನ್ನ ಮೂಗಿನ ಅಳತೆ ತೆಗೆದುಕೊಳ್ಳುತ್ತ, ಏನು ಕೆಲಸ ನಿಮ್ಮದು ಎಂದು ಕೇಳಿದರು. ವೆಲ್ಡಿಂಗ್ ಅಂದೆ. ಅವರ ಕೈ ಅಲ್ಲೇ ನಿಂತಿತು.

"ಒಂದು ವಿಚಿತ್ರ ಗಾಡಿಗೆ ಸೀಟ್ ಮಾಡಿದ್ರಲ್ಲ, ಆ ಅಣ್ಣ ನೀವೇನಾ?"

ಹೌದು ಅಂದೆ.

"ಸೀಟ್ ಗಟ್ಟಿಯಾಗಿದೆಯಾ?"

"ಯಾರೂ ಕೂತಿಲ್ಲಮ್ಮ ಅದರ ಮೇಲೆ."

ಅವರು ಅಳತೆಯನ್ನು ಚೀಟಿಯಲ್ಲಿ ಬರೆದರು. ಆಮೇಲೆ ತಲೆ ಎತ್ತದೆ ಹೇಳಿದರು. "ನಾನು ಬಂದಿದ್ದೆ. ಬರ್ತೀನಿ ಅಂತ ಹೇಳಿದ್ದೆನಲ್ಲ. ಅಂಗಡೀಲಿ ಸರಕು ಎಣಿಸೋದಿದೆ ಅಂತ ಅಕ್ಕನಿಗೆ ಸುಳ್ಳು ಹೇಳಿ, ಗಾಳಿಗೆ ಕೂದಲು ಹಾರುತ್ತೆ ಅಂತ ತಲೆಗೆ ಬಟ್ಟೆ ಕಟ್ಕೊಂಡು ಗೇಟಲ್ಲಿ ನಿಂತಿದ್ದೆ. ಒಂದು ಗಂಟೆಯಿಂದ ಮೂರೂವರೆ ತನಕ. ಕಾವಲಿನ ತಾತ ಪಾಪ, ಕುರ್ಚಿ ತಂದು ಹಾಕಿದ್ರು. ಕೂರೋಕೂ ನಾಚಿಕೆ, ಹೋಗೋಕೂ ಮನಸ್ಸಿಲ್ಲ."

"ಅವನು ತಪ್ಪು ತಿಳ್ಕೊಂಡಮ್ಮ. ನೀವು ಹೊರಟೆ ಅಂತ ಹೇಳಿದ್ದು ಅಂದ್ಕೊಂಡ" ಅಂದೆ. ಹಾಗೆ ಅಂದುಕೊಳ್ಳುವಂತೆ ಮಾಡಿದವನು ಯಾರು ಅನ್ನುವುದನ್ನು ನುಂಗಿಕೊಂಡೆ. ಐವತ್ತು ದಾಟಿದ ಗಂಡಸು, ಅಷ್ಟು ಹೇಳುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಬಡಿಸುವುದನ್ನು ನಿಲ್ಲಿಸಿದಳು. "ನಿಮ್ಮನ್ನ ಕೇಳಿದ್ದೇ ಅವನ ತಪ್ಪು. ಆದ್ರೆ ಹೇಳಿದ್ದು ನಿಮ್ಮ ತಪ್ಪು. ಎದ್ದು ಹೋಗಿ, ಈಗಲೇ ಹೇಳಿಬನ್ನಿ." ಅರ್ಧ ಊಟಕ್ಕೆ ಎದ್ದು ಮೇಲೆ ಹೋದೆ. ಅವನು ತಾಯಿಯ ಮಂಚದ ಮೇಲೆ ಬಟ್ಟೆ ಮಡಿಸುತ್ತ ಕೂತಿದ್ದ. ಒಂದೂ ಬಿಡದೆ ಹೇಳಿದೆ: ತಲೆಗೆ ಕಟ್ಟಿದ ಬಟ್ಟೆ, ತಾತನ ಕುರ್ಚಿ, ಒಂದರಿಂದ ಮೂರೂವರೆ ತನಕ ಕಾದಿದ್ದು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಎರಡೂವರೆ ಗಂಟೆ" ಎಂದು ಎರಡು ಸಲ ಹೇಳಿಕೊಂಡ.

ಆ ಶನಿವಾರ ಬೆಳಿಗ್ಗೆ ಗಾಡಿ ತೊಳೆದ. ಹಿಂದಿನ ಸೀಟಿನ ಮೇಲೆ ಬ್ಯಾಗ್ ಉಜ್ಜಿ ಉಜ್ಜಿ ಬಿದ್ದಿದ್ದ ಕಲೆಗೆ ಎಣ್ಣೆ ಹಚ್ಚಿ ತಿಕ್ಕಿದ. ಹನ್ನೆರಡೂವರೆಗೆ ಹೊರಟ. ನಾನೂ ಹೆಂಡತಿಯೂ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿದ್ದೆವು, ಮನೆಮಗನನ್ನು ಪರೀಕ್ಷೆಗೆ ಕಳಿಸುವವರ ಹಾಗೆ. ಈಗಲಾದರೂ ಆಗಲಿ ಎಂದು ನಾನು ಒಳಗೊಳಗೇ ಎಷ್ಟು ಬೇಡಿಕೊಂಡೆ ಅಂತ ಹೇಳಿದರೆ ನಂಬುವುದಿಲ್ಲ.

ಎರಡು ಗಂಟೆಯೊಳಗೆ ವಾಪಸು ಬಂದ. ಒಬ್ಬನೇ. ಗಾಡಿ ನಿಲ್ಲಿಸಿ ಪೆಟ್ಟಿಗೆಯ ಮೇಲೆ ಕೂತ. ಹೆಂಡತಿ ಟೀ ತಂದುಕೊಟ್ಟು, ಏನೂ ಕೇಳದೆ ಒಳಗೆ ಹೋದಳು. ಅವಳಿಗಿರುವ ಆ ಬುದ್ಧಿ ನನಗಿಲ್ಲ.

"ಏನಂದ್ರು?"

"ಬರಲ್ಲ ಅಂದ್ರು."

"ಅಷ್ಟು ಹೊತ್ತು ಕಾಯಿಸಿದ್ದಕ್ಕೆ ಕೋಪ ಇರುತ್ತೆ. ಸ್ವಲ್ಪ ದಿನ ಬಿಟ್ಟು..."

"ಕೋಪ ಇಲ್ಲ ಅಣ್ಣ." ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಕಾದಿದ್ದು ಏನಲ್ಲ ಅಂದ್ರು. ಯಾಕೆ ಬರ್ಲಿಲ್ಲ ಅಂತ ಕೇಳಿದ್ರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ನೀವು ಹೇಳಿದ ಅರ್ಥಾನೂ ಹೇಳಿದೆ. ಆಗ ಅವರು, ‘ಆ ಲಿಫ್ಟಲ್ಲಿ ನಲವತ್ತು ನಿಮಿಷ ಎಲ್ಲಾನೂ ನನ್ನನ್ನೇ ಕೇಳಿದ್ರಿ. ಗಾಳಿ ಬರ್ತಿದೆಯಾ ಅನ್ನೋದರಿಂದ ಹಿಡಿದು. ಅದಕ್ಕೇ ನಾನು ಗೇಟಿಗೆ ಬಂದಿದ್ದು. ಇದೊಂದನ್ನ ಮಾತ್ರ ಯಾಕೆ ವೆಲ್ಡಿಂಗ್ ಅಂಗಡೀಲಿ ಕೇಳಿದ್ರಿ?’ ಅಂದ್ರು."

"ನೀನೇನಂದೆ?"

"ಗಾಡಿ ತಿರುಗಿಸ್ಕೊಂಡು ಬಂದೆ."

ಅವನು ಟೀ ಕುಡಿದು ಮುಗಿಸಿ ಲೋಟವನ್ನು ತಾನೇ ತೊಳೆದಿಟ್ಟ. ಮೆಟ್ಟಿಲು ಹತ್ತಿ ಹೋದ. ಏನಾದರೂ ಹೇಳಬೇಕು ಎಂದು ಬಾಯಿಯವರೆಗೆ ಬಂದಿತ್ತು. ಜೀವನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಕೂತೆ, ಅದೂ ಏಳು ತಿಂಗಳು ತಡವಾಗಿ.