ಹುಳ ಮೇಯುವ ಸದ್ದು

ಸ್ಟುಡಿಯೋದಲ್ಲಿ ಎರಡು ಕ್ಷಣ ಮೌನವಾದರೆ ನನಗೆ ಜೀವ ಹೋದಂತಾಗುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲೇ ಏನಾದರೂ ಹೇಳಿಬಿಡುತ್ತೇನೆ. ಈ ಚಡಪಡಿಕೆ ಮನೆಗೂ ಬರುತ್ತದೆ. ಕುಕ್ಕರ್ ಕೂಗಲಿ ಎಂದು ಕಾಯುವಾಗಲೂ ಬಾಯಿ ಸುಮ್ಮನಿರುವುದಿಲ್ಲ.

ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದನ್ನು ನಮ್ಮ ರಾಮನಗರದ ಪುಟ್ಟ ರೇಡಿಯೋ ಕೇಂದ್ರಕ್ಕೆ ಹಿಡಿದು ತರಲು ಹೋದ ತಿಂಗಳು ಮರಳವಾಡಿಗೆ ಹೋಗಿದ್ದೆ. ಹುಳ ಸಾಕುವ ಅಕ್ಕ ನನ್ನನ್ನು ಹೊಸ್ತಿಲಲ್ಲೇ ತಡೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ತೊಳೆಸಿ ಒಳಗೆ ಬಿಟ್ಟರು. ಬೆರಳುದ್ದದ ಹುಳುಗಳು ಆಗಷ್ಟೇ ಹಾಕಿದ ಸೊಪ್ಪಿಗೆ ಮುತ್ತಿಕೊಂಡಿದ್ದವು. ಸಣ್ಣಗೆ ಸರಸರ ಸದ್ದು.

"ಒಸಿ ಸುಮ್ಕೆ ನಿಂತ್ಕಳವ್ವ, ಕೇಳ್ತದೆ," ಅಂದರು ಅಕ್ಕ. ತಲೆಯಾಡಿಸಿ ಮೈಕ್ ಹಿಡಿದೆ.

ಸ್ಟುಡಿಯೋಗೆ ಬಂದು ಕೇಳಿದರೆ ಬರೀ ನನ್ನದೇ ದನಿ! ಆ ಸದ್ದು ಎಷ್ಟು ಚೆಂದ, ಎಷ್ಟು ಮೆದು ಎಂದು ಉಸಿರು ಬಿಡದೆ ವರ್ಣಿಸಿದ್ದೆ. ಮತ್ತೆ ಹೋಗುವಷ್ಟು ಹೊತ್ತಿರಲಿಲ್ಲ, ಅದನ್ನೇ ಪ್ರಸಾರ ಮಾಡಿದೆವು.

ಕಾರ್ಯಕ್ರಮ ಮುಗಿಯುತ್ತಿದ್ದಂತೆ ಅಕ್ಕನ ಫೋನ್ ಬಂತು.

"ಚೆನ್ನಾಗ್ ಮಾತಾಡ್ದೆ ಕಣವ್ವ," ಅಂದರು. "ನಮ್ಮ ಹುಳ ಅವತ್ತು ಉಪಾಸ ಇದ್ವಾ?"